ಮೇಲಿನವರ ಮಾತು, ಅಕ್ಕನ ಬಾಯಿ

ನಮ್ಮ ಬೀದಿಯಲ್ಲಿ ಅಕ್ಕನಿಗೆ ಅಶರೀರವಾಣಿ ಎಂದು ಹೆಸರಿಟ್ಟವರು ಎದುರುಮನೆಯ ಮೇಷ್ಟ್ರು. ನಿವೃತ್ತಿಯಾದ ಮೇಲೆ ಅವರಿಗೆ ಬೇರೆ ಕಸುಬಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಹೋಗಿಬರುವವರಿಗೆಲ್ಲ ಒಂದೊಂದು ಹೆಸರು ಅಂಟಿಸುತ್ತಿದ್ದರು. ನನ್ನ ಬಾಯಿ ನೋಡಿ ನನಗೆ ಮೆಣಸಿನಕಾಯಿ ಎಂದಿಟ್ಟರು. ಅದರ ಬಗ್ಗೆ ನನ್ನ ತಕರಾರಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವವಳು ನಾನಲ್ಲ. ಅಕ್ಕನ ಹೆಸರೂ ಅವಳಿಗೆ ಸರಿಯಾಗಿಯೇ ಇತ್ತು. ಆಕಾಶದಲ್ಲಿ ಯಾರೋ ಆಡಿದ ಮಾತನ್ನು ನೆಲದಲ್ಲಿರುವವರ ಕಿವಿಗೆ ಮುಟ್ಟಿಸುವುದೇ ಅವಳ ಕೆಲಸವಾಗಿತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ವಿಮಾನದೊಳಗೆ ಪ್ರಯಾಣಿಕರಿಗೆಂದು ಟೆಲಿಫೋನ್ ಇರುತ್ತಿತ್ತು. ಮೊದಮೊದಲು ಮುಂದಿನ ಶೌಚಾಲಯದ ಪಕ್ಕದ ಗೋಡೆಯಲ್ಲಿ, ಆಮೇಲೆ ಸೀಟುಗಳ ಬೆನ್ನಿನಲ್ಲಿ. ರಿಸೀವರ್ ಎತ್ತಿದರೆ ಆ ಹೊತ್ತಿಗೆ ವಿಮಾನದ ಕೆಳಗೆ ಯಾವ ಕೇಂದ್ರ ಇದೆಯೋ ಅಲ್ಲಿಗೆ ರೇಡಿಯೋ ಮೂಲಕ ಕರೆ ಬೀಳುತ್ತಿತ್ತು. ಅಲ್ಲಿ ಕೂತ ಆಪರೇಟರ್ ನಂಬರ್ ಕೇಳಿ, ಊರಿನ ಮಾಮೂಲಿ ಲೈನಿನಲ್ಲಿ ಡಯಲ್ ಮಾಡಿ, ಎರಡನ್ನೂ ಜೋಡಿಸಬೇಕು. ಮೇಲಿನವರು ಕೆಳಗಿನವರನ್ನು ಕರೆಯಬಹುದಿತ್ತು, ಕೆಳಗಿನವರು ಮೇಲಿನವರನ್ನು ಕರೆಯುವಂತಿರಲಿಲ್ಲ. ಲೋಕದ ರೀತಿಯೇ ಅದು ಬಿಡಿ.

ಕೇಂದ್ರ ಇದ್ದದ್ದು ಊರಾಚೆಯ ಬೋಳು ದಿಬ್ಬದ ಮೇಲೆ, ಕಬ್ಬಿಣದ ಗೋಪುರದ ಬುಡದಲ್ಲಿ. ಗಾಳಿಯ ಸದ್ದು ಒಳಗೆ ಬರಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಕಿರುಗುಟ್ಟುತ್ತವೆಂದು ಕುರ್ಚಿಗಳ ಚಕ್ರ ಬಿಚ್ಚಿಸಿದ್ದರು. ಹೆಂಗಸರು ಸಾಲಾಗಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುತ್ತಿದ್ದರು. ಒಬ್ಬರ ಹೆಡ್‌ಫೋನ್ ಇನ್ನೊಬ್ಬರು ಹಾಕಿಕೊಂಡರೆ ದೊಡ್ಡ ಜಗಳ. ಗುರುತಿಗೆ ಒಬ್ಬೊಬ್ಬರೂ ಒಂದೊಂದು ಬಣ್ಣದ ದಾರ ಕಟ್ಟಿಕೊಂಡಿದ್ದರು. ಒಂದು ಸಲ ಅಕ್ಕನಿಗೆ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದೇನೆ. ಗಟ್ಟಿಯಾಗಿ ಸೀನಿ ಬೈಸಿಕೊಂಡಿದ್ದೇನೆ.

ಮೇಲಿಂದ ಬರುವ ದನಿ ಎಂಜಿನ್ನಿನ ಗದ್ದಲದಲ್ಲಿ ಅರ್ಧಂಬರ್ಧ ಬರುತ್ತಿತ್ತು. ಪಳಗಿದ ಕಿವಿಗೆ ಅರ್ಥವಾಗುತ್ತಿದ್ದುದು ಮನೆಯವರಿಗೆ ಬರೀ ಗುಂಯ್ ಎನ್ನುತ್ತಿತ್ತು. ಆಗ ಆಪರೇಟರ್ ನಡುವೆ ಬಂದು ಆ ಮಾತನ್ನು ಮತ್ತೆ ಹೇಳಬೇಕು. ಅದಕ್ಕೆ ರಿಲೇ ಎನ್ನುತ್ತಿದ್ದರು. ಅದರಲ್ಲೊಂದು ನಿಯಮ. ‘ಅವರು ಬರ್ತಾರಂತೆ’ ಎನ್ನುವಂತಿಲ್ಲ, ‘ನಾನು ಬರ್ತೀನಿ’ ಎಂದೇ ಹೇಳಬೇಕು. ತಾನು ಎನ್ನುವವಳು ಅಲ್ಲಿ ಇರಲೇಬಾರದು. ಸೇರಿಸಬಾರದು, ಬಿಡಬಾರದು, ದನಿಯಲ್ಲಿ ಅಳು ನಗು ಬರಬಾರದು. ಹಾಗಾಗಿ ನಮ್ಮಕ್ಕ ಯಾರ್ಯಾರದೋ ಹೆಂಡಿರಿಗೆ ‘ನೀನಿಲ್ದೆ ನಂಗೆ ಬದುಕೋಕಾಗಲ್ಲ ಚಿನ್ನ’ ಎಂದು ರೈಲಿನ ಸಮಯ ಹೇಳುವ ದನಿಯಲ್ಲಿ ಹೇಳುತ್ತಿದ್ದಳು. ಒಬ್ಬ ಹೆಂಗಸು ಕೆಳಗಿಂದ ‘ನೀನು ಹಾಳಾಗಿ ಹೋಗು, ಮನೆ ಕಡೆ ಮುಖ ಹಾಕ್ಬೇಡ’ ಎಂದಳಂತೆ. ಅಕ್ಕ ಅದನ್ನೂ ಅಷ್ಟೇ ತಣ್ಣಗೆ ಮೇಲಕ್ಕೆ ಕಳಿಸಿದಳು. ಆ ಗಂಡ ಥ್ಯಾಂಕ್ಸ್ ಎಂದನಂತೆ.

ಮನೆಗೆ ಬಂದು ಅವಳು ಇಂಥದ್ದನ್ನು ಹೇಳುತ್ತಿದ್ದರೆ ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಹೆಸರು, ನಂಬರ್ ಮಾತ್ರ ಯಾವತ್ತೂ ಹೇಳಲಿಲ್ಲ. ಕರೆಗಳಲ್ಲಿ ಮುಕ್ಕಾಲು ಪಾಲು ‘ನಾನು ಎಲ್ಲಿಂದ ಮಾತಾಡ್ತಿದೀನಿ ಹೇಳು ನೋಡೋಣ’ ಎನ್ನುವ ಜಂಬದವೇ. ಉಳಿದವು ‘ವಿಮಾನ ತಡ, ಊಟ ಬೇಡ’. ಇನ್ನು ಕೆಲವರು ಮಾತು ಇಕ್ಕಟ್ಟಿಗೆ ಬಂದಾಗ ಮೆಲ್ಲಗೆ ಆಪರೇಟರ್‌ಗೆ ಹೇಳುತ್ತಿದ್ದರು, ‘ಮೇಡಂ, ಲೈನ್ ಹೋಯ್ತು ಅಂದ್ಬಿಡಿ’. ಅದೊಂದು ಸುಳ್ಳಿಗೆ ಮೇಲ್ವಿಚಾರಕಿಯೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಲೈನ್ ಹೇಗೂ ಹೋಗುವಂಥದ್ದೇ, ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ನಮ್ಮಣ್ಣ ಆ ಜಂಬದ ಗುಂಪಿನವನು. ಅಕ್ಕನಿಗೆ ಅವನು ತಮ್ಮ, ನನಗೆ ಅಣ್ಣ. ಯಂತ್ರಗಳ ಬಿಡಿಭಾಗ ಮಾರುವ ಕಂಪನಿಯಲ್ಲಿ ತಿರುಗಾಟದ ಕೆಲಸ. ಟಿಕೆಟ್ ಕಂಪನಿಯದು, ಫೋನಿನ ಖರ್ಚೂ ಕಂಪನಿಯದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಮನೆಗೆ ಬಂದಾಗ ಅಮ್ಮನಿಗೊಂದು ಶಾಲು, ನನಗೊಂದು ಪೆನ್ನು ತಂದು, ಸೋಫಾದಲ್ಲಿ ಕಾಲು ಚಾಚಿ ಮೋಡದ ಕಥೆ ಹೇಳುತ್ತಿದ್ದ. ಅಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಅಪ್ಪ ಹೋದ ಮೇಲೆ ಅವನನ್ನು ಓದಿಸಿದವಳೂ ಅವಳೇ. ಪಾಳಿಯ ಕೆಲಸ, ಕಾಯಿಲೆಯ ಅಮ್ಮ, ಬಂದ ಸಂಬಂಧಗಳೆಲ್ಲ ಬಾಗಿಲಲ್ಲೇ ವಾಪಸಾದವು. ಆಮೇಲೆ ಬರುವುದೂ ನಿಂತಿತು. ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವಷ್ಟು ಜಾಗ. ಸೋರುವ ಚಾವಣಿ ಬದಲಾಯಿಸಿದ್ದು ಅಕ್ಕ, ನಲ್ಲಿ ಹಾಕಿಸಿದ್ದು ಅಕ್ಕ. ಅಮ್ಮ ಜಾರಿ ಬೀಳದಿರಲೆಂದು ಬಚ್ಚಲ ಗೋಡೆಗೆ ಹಿಡಿಕೆ ಕೂರಿಸಿದ್ದೂ ಅಕ್ಕ. ಪತ್ರದಲ್ಲಿ ಹೆಸರು ಮಾತ್ರ ಅಣ್ಣನದು. ಗಂಡುಹುಡುಗ ಎಂದು ಅಪ್ಪ ಕೊಳ್ಳುವಾಗಲೇ ಹಾಗೆ ಬರೆಸಿದ್ದರು. ಅಪ್ಪನ ಬುದ್ಧಿಗೆ ಏನು ಹೇಳಲಿ, ಸತ್ತವರನ್ನು ಬೈಯಬಾರದು.

ಅಮ್ಮನಿಗೆ ಇದ್ದದ್ದು ಒಂದೇ ಕೊರಗು. ತಾನು ಹೋದ ಮೇಲೆ ಅಕ್ಕನನ್ನು ಅಣ್ಣ ಆ ಮನೆಯಿಂದ ಎಬ್ಬಿಸಬಾರದು. ಅವನು ಬಂದಾಗಲೆಲ್ಲ ಕೇಳುತ್ತಿದ್ದಳು. ಅವನು ‘ನೋಡೋಣ ಬಿಡಮ್ಮ, ಈಗ್ಯಾಕೆ ಆ ಮಾತು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಮಗ ಬಾಯಿಬಿಟ್ಟು ಒಂದು ಮಾತು ಕೊಟ್ಟರೆ ಸಾಕು, ತನ್ನ ತಮ್ಮ ಅದನ್ನು ನಡೆಸಿಕೊಡುತ್ತಾನೆ ಎಂಬುದು ಅಮ್ಮನ ಲೆಕ್ಕ. ಆ ತಮ್ಮ ಎಂದರೆ ನಮ್ಮ ಸೋದರಮಾವ. ಮನೆತನದಲ್ಲಿ ಯಾರೂ ಅವರ ಮಾತು ಮೀರುತ್ತಿರಲಿಲ್ಲ. ಅಣ್ಣನಿಗೆ ಕೆಲಸ ಕೊಡಿಸಿದ್ದು ಅವರೇ, ಅವನಿಗೂ ಅವರೆಂದರೆ ಹೆದರಿಕೆ.

ಅಮ್ಮ ಆಸ್ಪತ್ರೆ ಸೇರಿದಾಗ ಅಣ್ಣ ದೂರದಲ್ಲಿದ್ದ. ಡಾಕ್ಟರ್ ಕೈ ಚೆಲ್ಲಿದರು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅವನಿಗೆ ಸುದ್ದಿ ಮುಟ್ಟಿಸಿ, ವಿಮಾನ ಇತ್ತ ಬಂದ ಕೂಡಲೇ ಮೇಲಿಂದ ಆಸ್ಪತ್ರೆಗೆ ಫೋನ್ ಮಾಡಲು ಹೇಳಿದಳು. ಸಂಜೆ ಅವನು ಇಳಿಯುವ ತನಕ ಅಮ್ಮ ಇರುತ್ತಾಳೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಆವತ್ತು ಅಕ್ಕ ಅಮ್ಮನ ಪಕ್ಕದಿಂದ ಎದ್ದು ಕೆಲಸಕ್ಕೆ ಹೊರಟಳು. ನಾನು ಕಿಡಿಕಿಡಿಯಾದೆ. ಅವಳೆಂದಳು, “ಸಾಲಲ್ಲಿ ನಿಂತ ಕರೆ ಎಷ್ಟೋ ಸಲ ಸಿಗೋದೇ ಇಲ್ಲ ಕಣೆ. ನಾನಿದ್ರೆ ಅವನ ಕರೆ ಮೊದ್ಲು ಎತ್ಕೋತೀನಿ. ಅಮ್ಮ ಅವನ ಮಾತು ಕೇಳಿ ಹೋಗ್ಲಿ.” ಬೇರೆಯವಳ ಪಾಳಿ ಕೇಳಿ ಪಡೆದು ಹೋದಳು. ಸ್ವಂತದವರ ಕರೆ ಬಂದರೆ ಪಕ್ಕದವಳಿಗೆ ಬಿಟ್ಟುಕೊಡಬೇಕು ಎಂಬ ಕಟ್ಟುನಿಟ್ಟಿನ ನಿಯಮ ಅಲ್ಲಿತ್ತು. ಆವತ್ತು ಅದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

ವಾರ್ಡಿನಲ್ಲಿ ಫೋನ್ ಇದ್ದದ್ದು ನರ್ಸಮ್ಮನ ಮೇಜಿನ ಮೇಲೆ. ತಂತಿ ಗಿಡ್ಡ. ಕಾಡಿ ಬೇಡಿ ಅಮ್ಮನ ಮಂಚವನ್ನೇ ಮೇಜಿನ ಬಳಿ ತಳ್ಳಿಸಿದ್ದೆ. ಕಾಲ ಬುಡದಲ್ಲಿ ಮಾವ, ಕಿಟಕಿಯ ಹತ್ತಿರ ಅತ್ತಿಗೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರೆ ಬಂತು. “ವಿಮಾನದಿಂದ ಕರೆ. ಮಾತಾಡಿ.” ಅದು ಅಕ್ಕನ ಕೆಲಸದ ದನಿ. ನಾನು ರಿಸೀವರನ್ನು ಅಮ್ಮನ ಕಿವಿಗೂ ನನ್ನ ಕಿವಿಗೂ ನಡುವೆ ಹಿಡಿದೆ. ದೂರದಲ್ಲಿ ಗುಂಯ್ ಎಂದಿತು, ಆಮೇಲೆ ಅಕ್ಕನ ದನಿ, “ಅಮ್ಮ, ಹೇಗಿದೀಯ? ಸಂಜೆ ಬಂದ್ಬಿಡ್ತೀನಿ.” ಅಮ್ಮನ ಪಾಲಿಗೆ ಅದು ಮಗನೇ. ಅವಳ ಮುಖ ಅರಳಿತು.

“ನೀನು ಬರೋದು ಇರ್ಲಿ,” ಎಂದಳು ಅಮ್ಮ. “ಮನೆ ಅವಳಿಗೆ ಬಿಡ್ತೀಯೋ ಇಲ್ವೋ? ಈಗ ಹೇಳು.”

ಮತ್ತೆ ಗುಂಯ್. ಈ ಸಲ ಬಹಳ ಹೊತ್ತು.

“ಏನೋ, ಇದೀಯಾ?”

“ಇದೀನಮ್ಮ.”

“ಹೇಳೋ ಮತ್ತೆ. ನಂಗೆ ಉಸಿರಿಲ್ಲ ಕಣೋ.”

ಗುಂಯ್ ಎನ್ನುವುದು ಒಮ್ಮೆ ಜೋರಾಗಿ ನಿಂತುಹೋಯಿತು. ಆಮೇಲೆ ಅಕ್ಕನ ದನಿ ಬಂತು. ಏರಿಲ್ಲ ಇಳಿತವಿಲ್ಲ, ಯಾವತ್ತಿನ ಹಾಗೇ. “ಮನೆ ಅವಳಿಗೇ ಬಿಡ್ತೀನಮ್ಮ. ನಾನು ಅವಳನ್ನ ಅಲ್ಲಿಂದ ಎಬ್ಬಿಸಲ್ಲ.” ಗುಂಯ್ ಎನ್ನುವುದು ಮತ್ತೆ ಜೋರಾಗಿ ಎದ್ದು ಥಟ್ಟನೆ ಕಡಿಯಿತು, ಆಮೇಲೆ “ಲೈನ್ ಹೋಗಿದೆ. ಕರೆ ಮುಗಿಯಿತು.”

ಅಮ್ಮ ಮಾವನ ಕಡೆ ಕತ್ತು ಹೊರಳಿಸಿ, “ಅವಳಿಗೇ ಅಂದ. ಕೇಳಿಸ್ಕೊಂಡ್ಯಾ? ನೀನು ನೋಡ್ಕೋ,” ಎಂದಳು. ಮಾವ ತಲೆಯಾಡಿಸಿದರು. ತಾನಿದ್ದ ಮನೆಗೆ ತಾನೇ ಬಾಡಿಗೆಯವಳ ಹಾಗೆ ಇದ್ದ ಅಕ್ಕನಿಗೆ ಕೊನೆಗೊಂದು ನೆಲೆ ಆಯಿತೆಂದು ನನಗೆ ಅಳು ಬಂತು. ಅಣ್ಣನ ಮೇಲೆ ಇದ್ದ ಸಿಟ್ಟೆಲ್ಲ ಇಳಿದು, ಪಾಪ ಒಳ್ಳೆಯವನೇ ಎಂದುಕೊಂಡೆ. ಸಂಜೆಗೆ ಮೊದಲೇ ಅಮ್ಮ ಹೋದಳು. ಅಣ್ಣ ಬಂದದ್ದು ಕತ್ತಲಾದ ಮೇಲೆ. ವಿಮಾನ ಸರಿಯಾದ ಹೊತ್ತಿಗೇ ಇಳಿದಿತ್ತು, ಇವನೇಕೆ ತಡ ಎಂದು ಆಗ ಯಾರೂ ಕೇಳಲಿಲ್ಲ.

ಮಣ್ಣು ಮುಗಿಸಿ ಕೆಲವು ದಿನ ಕಳೆದ ಮೇಲೆ ಮಾವ ನಮ್ಮನ್ನೆಲ್ಲ ಮುಂದಿನ ಕೋಣೆಯಲ್ಲಿ ಕೂರಿಸಿದರು. ಅಕ್ಕ ಬಾಗಿಲ ಬಳಿ ನಿಂತು ಅಮ್ಮನ ಹೊದಿಕೆಗಳನ್ನು ಮಡಿಸುತ್ತಿದ್ದಳು. ಮಾವ ಅಣ್ಣನಿಗೆ, “ನಿನ್ನ ಮಾತನ್ನ ನಿಮ್ಮಮ್ಮ ನಮ್ಮೆಲ್ಲರ ಮುಂದೆ ಹೇಳಿ ಹೋದ್ಲು. ಮನೆ ಪತ್ರ ನಿಮ್ಮಕ್ಕನ ಹೆಸರಿಗೆ ಮಾಡಿಸ್ಬಿಡು,” ಎಂದರು.

“ಯಾವ ಮಾತು?” ಎಂದ ಅಣ್ಣ. “ನಾನು ಅಂಥ ಮಾತು ಕೊಟ್ಟೇ ಇಲ್ಲ.”

ಎಲ್ಲರೂ ಅವನನ್ನೇ ನೋಡಿದೆವು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳತೊಡಗಿದ. “ಅಮ್ಮ ಕೇಳಿದ್ಲು, ನಿಜ. ಸಾಯೋ ತಾಯಿ ಹತ್ರ ಸುಳ್ಳು ಹೇಳೋಕೆ ನಂಗೆ ಮನಸ್ಸಾಗ್ಲಿಲ್ಲ ಮಾವ. ಅದಕ್ಕೇ ಆಪರೇಟರ್‌ಗೆ, ಲೈನ್ ಹೋಯ್ತು ಅಂದ್ಬಿಡಿ ಅಂದೆ. ಆ ಹೆಂಗಸು ಏನು ಮಾಡಿದ್ಲು ಗೊತ್ತಾ? ನನ್ನ ಕಿವಿಗೇ ಕೇಳಿಸ್ತಿತ್ತು. ತನಗೆ ತೋಚಿದ್ದು ಒದರಿಬಿಟ್ಲು. ನಾನು ಕೂಗಿದ್ರೆ ನನ್ನ ಲೈನೇ ತೆಗೆದ್ಲು. ನಾನು ಬಿಡ್ತೀನಾ? ಇಳಿದ ತಕ್ಷಣ ಅಲ್ಲೇ ಏರ್‌ಪೋರ್ಟ್ ಕೌಂಟರ್‌ಗೆ ಹೋಗಿ ದೂರು ಕೊಟ್ಟೇ ಬಂದೆ. ಅವಳ ಕೆಲಸ ಹೋಗ್ದಿದ್ರೆ ನನ್ನ ಕೇಳಿ.”

ಅಮ್ಮನ ಹೆಣ ಆಸ್ಪತ್ರೆಯಲ್ಲಿದ್ದಾಗ ಇವನು ಕೌಂಟರಿನ ಮುಂದೆ ನಿಂತಿದ್ದ. “ಆ ಹೆಂಗಸು ಇಲ್ಲೇ ನಿಂತಿದಾಳೆ ನೋಡು,” ಎಂದೆ.

ಅವನು ಬಾಗಿಲ ಕಡೆ ನೋಡಿದ. ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಹುಟ್ಟಿದಾಗಿನಿಂದ ಅವಳ ದನಿ ಕೇಳಿಕೊಂಡು ಬೆಳೆದವನಿಗೆ ಅವಳು ಅಕ್ಕ ಎಂದು ಗೊತ್ತಾಗಿರಲಿಲ್ಲ. ಎಂಜಿನ್ನಿನ ಗದ್ದಲವಂತೆ, ಅವಳು ಅಮ್ಮನ ಪಕ್ಕದಲ್ಲೇ ಇರುತ್ತಾಳೆ ಎಂದುಕೊಂಡಿದ್ದನಂತೆ. ಅವಳಿಗೆ ಗೊತ್ತಾಗಲಿಲ್ಲವೇ? ಅವನು ಹಲೋ ಎನ್ನುವ ಮೊದಲಿನ ಉಸಿರಿಗೇ ಗೊತ್ತಾಗಿತ್ತಂತೆ. ಈಗವನು ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ ಎಂದು ಕಾದೆ. ಅವನ ಮುಖದಲ್ಲಿ ಕಂಡದ್ದು ನಿರಾಳ. “ಓಹೋ,” ಎಂದ. “ಹಾಗಾದ್ರೆ ಎಲ್ಲಾ ಸರಿಹೋಯ್ತಲ್ಲ ಮಾವ. ಮನೆ ಯಾರಿಗೆ ಬೇಕಿತ್ತೋ ಅವರೇ ಹೇಳ್ಕೊಂಡಿದಾರೆ.”

ಅಲ್ಲಿಯವರೆಗೆ ಮಾವ ನಮ್ಮ ಕಡೆಯೇ ಇದ್ದರು. ಅವರು ಅಕ್ಕನ ಕಡೆ ತಿರುಗಿದರು. “ಇವನು ಆ ಮಾತು ಹೇಳ್ಲಿಲ್ವಾ?”

“ಹೇಳ್ಲಿಲ್ಲ,” ಎಂದಳು ಅಕ್ಕ, ಕಡ್ಡಿ ಮುರಿದ ಹಾಗೆ.

“ನೀನೇ ಹೇಳಿದ್ದಾ?”

“ನಾನೇ.”

“ಯಾರಿಗೋಸ್ಕರ ಹೇಳ್ದೆ?”

ಅಕ್ಕ ಕೈಯಲ್ಲಿದ್ದ ಹೊದಿಕೆ ಕೊಡವಿದಳು. ನಾನು ಕೂಗಿದೆ, “ಅಮ್ಮನಿಗೋಸ್ಕರ ಮಾವ. ಇನ್ಯಾರಿಗೋಸ್ಕರ?” ಮಾವ ಕೈ ಎತ್ತಿದರು. “ನೀನು ಬಾಯಿ ಮುಚ್ಚು. ಅವಳು ಹೇಳ್ಲಿ. ಅವಳ ಬಾಯಲ್ಲಿ ಬರ್ಲಿ.” ಅವರು ಕಾದರು, ನಿಜಕ್ಕೂ ಕಾದರು. ಅಕ್ಕ ಹೊದಿಕೆಯ ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಕುರ್ಚಿಯ ಮೇಲೆ ಇಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

“ಸಾಯೋ ತಾಯಿಗೆ ಹೀಗೆ ಮಾಡಿದ್ಯಲ್ಲೇ,” ಎಂದು ಮಾವ ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ಆ ಮನೆಗೆ ಬರಲಿಲ್ಲ.

ಅಣ್ಣ ಮಾಡಿದ ಕೇಡು ಯಾರ ಬಾಯಲ್ಲೂ ಉಳಿಯಲಿಲ್ಲ. ತಾಯಿಗೆ ಮಾತು ಕೊಡದೆ ನುಣುಚಿಕೊಂಡವನು ಸತ್ಯವಂತನಾದ. ಇಡೀ ಬಳಗದಲ್ಲಿ ಅಕ್ಕ ಮನೆಗಾಗಿ ಸುಳ್ಳು ಹೇಳಿದವಳಾದಳು. ಅತ್ತಿಗೆ ಹೋದಲ್ಲಿ ಬಂದಲ್ಲಿ ಉಪ್ಪು ಖಾರ ಹಚ್ಚಿ ಹೇಳಿದಳು. ಮೇಷ್ಟ್ರು ಸಹ ಅಕ್ಕ ಹಾದುಹೋಗುವಾಗ ಪೇಪರ್ ಮುಖಕ್ಕೆ ಅಡ್ಡ ಹಿಡಿಯತೊಡಗಿದರು. ಒಂದು ದಿನ ನಾನು ಆ ಪೇಪರ್ ಕಿತ್ತು ಅವರ ಮೆಟ್ಟಿಲ ಮೇಲೇ ಹರಿದು ಬಂದೆ.

ಕೇಂದ್ರದಲ್ಲಿ ಮೇಲ್ವಿಚಾರಕಿ ಅಕ್ಕನನ್ನು ಕರೆದು, “ಸ್ವಂತದವರ ಕರೆ. ಅದರ ಮೇಲೆ ಇಲ್ಲದ ಮಾತು. ನಾನು ಏನಂತ ನಿನ್ನ ಕಾಪಾಡ್ಲಿ?” ಎಂದಳಂತೆ. ಅಕ್ಕ ತನ್ನ ದಾರ ಬಿಚ್ಚಿಕೊಂಡು, ಹೆಡ್‌ಫೋನ್ ಒಪ್ಪಿಸಿ, ಕೆಲಸ ಬಿಟ್ಟು ಬಂದಳು. ನಾನು ಅಣ್ಣನ ಹತ್ತಿರ ಹೋಗಿ, ದೂರು ವಾಪಸ್ ತೆಗೆದುಕೋ, ಇದೊಂದಾದರೂ ಮಾಡು ಎಂದೆ. “ಈಗ ವಾಪಸ್ ತಗೊಂಡ್ರೆ ನಾನೇ ಸುಳ್ಳುಗಾರ ಆಗ್ತೀನಲ್ಲ,” ಎಂದ. “ಹೇಗೂ ಹೋಗೋ ಕೆಲಸ ಬಿಡು. ಮುಂದೆ ಎಲ್ಲಾ ನೇರವಾಗಿ ಡಯಲ್ ಆಗುತ್ತೆ.” ಅದೂ ಸತ್ಯವೇ ಆಯಿತು. ಸೀಟಿನ ಬೆನ್ನಿನ ಫೋನುಗಳಿಗೆ ಆಪರೇಟರ್ ಬೇಡವಾದಳು, ಆಮೇಲೆ ಆ ಫೋನುಗಳೇ ಬೇಡವಾದವು. ದಿಬ್ಬದ ಮೇಲಿನ ಕೇಂದ್ರಕ್ಕೆ ಬೀಗ ಬಿತ್ತು. ಸತ್ಯ ಹೇಳುವುದರಲ್ಲಿ ನಮ್ಮಣ್ಣನನ್ನು ಮೀರಿಸಿದವರಿಲ್ಲ.

ಮನೆ ಮಾರಿದ. ಕೊಂಡವರು ನಡುಗೋಡೆ ಒಡೆದು ಅಂಗಡಿ ಮಾಡಿಕೊಂಡರು. ಅಕ್ಕ ನನ್ನ ಮನೆಯ ಹಿಂದಿನ ಕೋಣೆಗೆ ಬಂದಳು. ಬಟ್ಟೆ ಒಗೆದುಕೊಡುವ ಅಂಗಡಿಯೊಂದರಲ್ಲಿ ಅಂಗಿಗಳ ಕಾಲರಿಗೆ ಗುರುತಿನ ಚೀಟಿ ಹೊಲಿಯುವ ಕೆಲಸ ಸಿಕ್ಕಿತು. ಉಳಿದದ್ದನ್ನು ಮನೆಗೆ ತಂದು ಹೊಲಿಯುತ್ತಾಳೆ. ಮಾತು ಕಡಿಮೆ. ನನ್ನ ಗಂಡ ಒಳ್ಳೆಯವನು, ತುಟಿ ಪಿಟಕ್ಕೆನ್ನುವುದಿಲ್ಲ. ಆದರೂ ಅವಳು ತನ್ನ ತಟ್ಟೆ ತಾನೇ ತೊಳೆದು ಬೇರೆ ಮೂಲೆಯಲ್ಲಿ ಇಡುತ್ತಾಳೆ. ಅದನ್ನು ಕಂಡಾಗಲೆಲ್ಲ ನನಗೆ ಅಣ್ಣನನ್ನು ಹಿಡಿದು ಎರಡು ಬಾರಿಸಬೇಕು ಎನ್ನಿಸುತ್ತದೆ.

ಮೊನ್ನೆ ಮಾವನಿಗೆ ಕಾಯಿಲೆ ಎಂದು ಕೇಳಿ, ಮನಸ್ಸಿಲ್ಲದ ಮನಸ್ಸಿನಿಂದ ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದಾರೆ. ನನ್ನ ಕೈ ಹಿಡಿದುಕೊಂಡು, “ಆವತ್ತು ಅವಳು ಒಂದೇ ಒಂದು ಮಾತು, ಅಮ್ಮನಿಗೋಸ್ಕರ ಅಂದಿದ್ರೆ, ಅವನ ಕಿವಿ ಹಿಂಡಿ ಮನೆ ಕೊಡಿಸ್ತಿದ್ದೆ ಕಣೆ. ಅದಕ್ಕೇ ಕಾದೆ. ಅವಳು ಬಾಯೇ ಬಿಡ್ಲಿಲ್ಲ,” ಎಂದರು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಹಿಂದಿನ ಕೋಣೆಗೆ ನುಗ್ಗಿದೆ. ಇಷ್ಟು ವರ್ಷ ಅಣ್ಣನನ್ನು ಬೈದವಳು ಮೊದಲ ಸಲ ಅಕ್ಕನ ಮೇಲೆ ಹರಿಹಾಯ್ದೆ. ಅವಳು ಕಿಟಕಿಯ ಬೆಳಕಿಗೆ ಕೂತು ಅಂಗಿಯ ಕಾಲರಿಗೆ ಸೂಜಿ ಚುಚ್ಚುತ್ತಿದ್ದಳು. “ಊರವರ ಮಾತೆಲ್ಲ ಆಡೋಕೆ ಬಾಯಿತ್ತಲ್ಲ ನಿಂಗೆ? ನಿಂದೇ ಒಂದು ಮಾತು ಆಡೋಕೆ ಏನು ಬಂದಿತ್ತು ರೋಗ? ಮನೆ ಹೋಯ್ತು, ಮಾನ ಹೋಯ್ತು. ಅಮ್ಮನಿಗೋಸ್ಕರ ಅಂತ ಒಂದು ಮಾತು ಅನ್ನೋಕಾಗ್ಲಿಲ್ವಾ?”

ಅವಳು ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು.

“ಅಮ್ಮ ಉಸಿರಿಲ್ಲ ಅಂತಿದ್ಲು. ಅವನು ಲೈನ್ ಹೋಯ್ತು ಅನ್ನಿ ಅಂದ. ನಂಗೆ ತಡೆಯಕ್ಕಾಗ್ಲಿಲ್ಲ, ಹೇಳ್ಬಿಟ್ಟೆ. ಅಲ್ಲೀವರೆಗೂ ಅಮ್ಮನಿಗೋಸ್ಕರಾನೇ,” ಎಂದಳು. “ಆದ್ರೆ ಹೇಳ್ತಾ ಹೇಳ್ತಾ, ಮನೆ ಅವಳಿಗೇ ಅನ್ನೋವಾಗ, ನಂಗೆ ಎಷ್ಟು ಖುಷಿ ಆಯ್ತು ಗೊತ್ತೇನೆ? ಆ ಕಡೆ ಅಮ್ಮ ಸಾಯ್ತಾ ಇದ್ಲು. ಈ ಕಡೆ ನಾನು, ಹಿಂದಿನ ಗೋಡೆಗೆ ಬಣ್ಣ ಹೊಡಿಸ್ಬೇಕು ಅಂತ ಯೋಚನೆ ಮಾಡ್ದೆ. ಮಾವ ಯಾರಿಗೋಸ್ಕರ ಅಂತ ಕೇಳ್ದಾಗ ಅದೇ ನೆನಪಾಯ್ತು.”